ಎಷ್ಟು ಸಲ ಉಣ್ಣಬೇಕು ಡಾಕ್ಟ್ರೇ?

ಹೋದ ತಿಂಗಳು ಎದೆಯುರಿಯ ಬಗ್ಗೆ ಬರೆಯುವಾಗ 'ರಾತ್ರಿ ಊಟ ಎಂಟರೊಳಗೆ ಮುಗಿಯಲಿ' ಎಂದು ಒಂದು ಸಾಲು ಸೇರಿಸಿದ್ದೆ. ಎದೆಯುರಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಆ ಒಂದು ಸಾಲಿಗೆ ಮಾತ್ರ ರಾಶಿ ಪತ್ರ ಬಂದಿವೆ. ಕೆಲವರಿಗೆ ಅನುಮಾನ, ಕೆಲವರಿಗೆ ಸಿಟ್ಟು. ಅದಕ್ಕೇ ಈ ಸಲದ ಜಾಗವೆಲ್ಲ ಊಟದ ಹೊತ್ತಿಗೇ.

ನನಗೆ 46 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರು ಮೊಬೈಲಿನಲ್ಲಿ ನೋಡಿ ಹದಿನಾರು ಗಂಟೆ ಉಪವಾಸ ಶುರು ಮಾಡಿದ್ದಾರೆ. ಬೆಳಿಗ್ಗೆ ತಿಂಡಿ ಇಲ್ಲ. ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಮೊದಲ ಎರಡು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದರು. ಆಮೇಲೆ ಅಲ್ಲೇ ನಿಂತಿದೆ. ನೀನೂ ಮಾಡು ಅಂತ ಒತ್ತಾಯ. ತಿಂಡಿ ಬಿಟ್ಟರೆ ಪಿತ್ತ ಏರುತ್ತೆ ಅಂತ ಅತ್ತೆ. ಯಾರ ಮಾತು ಕೇಳಲಿ? — ದಾವಣಗೆರೆ

ಇಬ್ಬರದ್ದೂ ಅರ್ಧರ್ಧ ಕೇಳಿ.

ಯಜಮಾನರ ತೂಕ ಇಳಿದದ್ದರಲ್ಲಿ ಮಾಯೆ ಏನೂ ಇಲ್ಲ. ನಿಮ್ಮದು ದಾವಣಗೆರೆ. ಬೆಳಗಿನ ಬೆಣ್ಣೆದೋಸೆ ನಿಂತಿತು, ಅದರ ಹಿಂದೆ ಬರುವ ಚಹಾ ನಿಂತಿತು. ತಿನ್ನುವುದು ಕಡಿಮೆಯಾಯಿತು, ತೂಕ ಇಳಿಯಿತು. ಎರಡು ತಿಂಗಳಾದ ಮೇಲೆ ಮಧ್ಯಾಹ್ನದ ತಟ್ಟೆಗೆ ಒಂದು ಸೌಟು ಅನ್ನ ಜಾಸ್ತಿ ಬೀಳತೊಡಗಿರುತ್ತೆ. ಬಡಿಸುವವರು ನೀವೇ ತಾನೇ, ನೆನಪು ಮಾಡಿಕೊಂಡು ನೋಡಿ.

ಇದನ್ನು ಚೀನಾದ ಗುವಾಂಗ್‌ಝೌ ಊರಿನಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ತೂಕ ಜಾಸ್ತಿ ಇದ್ದ 139 ಜನರನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಊಟದ ಅಳತೆ ಕಡಿಮೆ. ಒಂದು ಗುಂಪು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ತಿಂದು ಮುಗಿಸಬೇಕು. ಒಂದು ವರ್ಷ ಬಿಟ್ಟು ತೂಗಿದರು. ಗಂಟೆ ನೋಡಿ ತಿಂದವರು ಸರಾಸರಿ 8 ಕೆ.ಜಿ. ಇಳಿದಿದ್ದರು, ನೋಡದವರು 6.3 ಕೆ.ಜಿ. ಆ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡದಲ್ಲ ಎಂದು 2022ರಲ್ಲಿ ವರದಿ ಬಂತು. ತೂಕದ ಮಟ್ಟಿಗೆ ಹೇಳುವುದಾದರೆ ಎಷ್ಟು ತಿಂದಿರಿ ಅನ್ನುವುದೇ ಮುಖ್ಯ.

ಹಾಗಾದರೆ ಹೊತ್ತಿಗೆ ಬೆಲೆಯೇ ಇಲ್ಲವಾ? ಇದೆ. ಆದರೆ ಯಜಮಾನರು ತಪ್ಪು ತುದಿಯನ್ನು ಕತ್ತರಿಸಿದ್ದಾರೆ.

ನಮ್ಮ ಮೈಯೊಳಗೆ ಗಡಿಯಾರಗಳಿವೆ. ಸುಮ್ನೆ ಹೋಲಿಕೆಗೆ ಹೇಳುವ ಮಾತಲ್ಲ ಇದು. ಜೀವಕೋಶದೊಳಗೆ ಇಪ್ಪತ್ನಾಲ್ಕು ಗಂಟೆಗೊಮ್ಮೆ ಏರಿ ಇಳಿಯುವ ಪ್ರೋಟೀನುಗಳಿವೆ. ಹಣ್ಣಿನ ನೊಣದಲ್ಲಿ ಅದರ ಕೆಲಸ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮೆದುಳಿನ ಗಡಿಯಾರ ಬೆಳಕು ನೋಡಿ ಹೊತ್ತು ಸರಿಮಾಡಿಕೊಳ್ಳುತ್ತೆ. ಲಿವರಿನ ಗಡಿಯಾರ ಊಟ ಬಂದದ್ದು ನೋಡಿ ಸರಿಮಾಡಿಕೊಳ್ಳುತ್ತೆ. ಕತ್ತಲಾದ ಮೇಲೆ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ಏರುತ್ತೆ, ಅದು ಏರಿದಾಗ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬಿಡುಗಡೆ ಮಂದವಾಗುತ್ತೆ. ಅದಕ್ಕೇ ಬೆಳಿಗ್ಗೆ ಎಂಟಕ್ಕೆ ತಿಂದ ಅದೇ ಎರಡು ಇಡ್ಲಿ ರಾತ್ರಿ ಹತ್ತಕ್ಕೆ ತಿಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತೆ.

ಅಮೆರಿಕದ ಬಾಸ್ಟನ್‌ನಲ್ಲಿ 16 ಜನರಿಗೆ ಅದದೇ ಊಟವನ್ನು ಒಮ್ಮೆ ಹೊತ್ತಿಗೆ ಸರಿಯಾಗಿ, ಇನ್ನೊಮ್ಮೆ ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ತಡವಾದಾಗ ಹಸಿವು ಜಾಸ್ತಿ, ಮೈ ಸುಡುವ ಶಕ್ತಿ ಕಡಿಮೆ. ಅಲಬಾಮದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಎಂಟು ಗಂಡಸರಿಗೆ ಐದು ವಾರ ರಾತ್ರಿಯ ಊಟವನ್ನು ಮಧ್ಯಾಹ್ನ ಮೂರರೊಳಗೇ ಮುಗಿಸಿದರು. ತೂಕ ಇಳಿಯದಂತೆ ಊಟ ಕೊಟ್ಟರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ಬಿ.ಪಿ. ಇಳಿಯಿತು. ಎರಡೂ ಸಣ್ಣ ಪರೀಕ್ಷೆಗಳು, ನೆನಪಿರಲಿ. ಮೂರು ಗಂಟೆಗೆ ರಾತ್ರಿ ಊಟ ಮಾಡಿ ಅಂತ ನಾನು ದಾವಣಗೆರೆಯಲ್ಲಿ ಹೇಳಿದರೆ ಮಂಡಕ್ಕಿ-ಮಿರ್ಚಿ ಅಂಗಡಿಯವರೆಲ್ಲ ಬಂದು ನನ್ನ ಕ್ಲಿನಿಕ್ ಮುಂದೆ ಕೂರುತ್ತಾರೆ.

ಯಜಮಾನರಿಗೆ ಉಪವಾಸ ಬೇಕೇ ಬೇಕು ಅಂದರೆ ಮಾಡಲಿ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಹೊಟ್ಟೆ ತುಂಬ ತಿಂಡಿ, ಸಂಜೆ ಆರೂವರೆ ಏಳಕ್ಕೆ ಕೊನೆಯ ಊಟ. ಹದಿನಾಲ್ಕು ಗಂಟೆ ತಾನಾಗಿ ಸಿಗುತ್ತೆ. ನಿಮಗೆ ಹನ್ನೆರಡು ಗಂಟೆಯೇ ಸಾಕು. ಎಂಟಕ್ಕೆ ತಿಂಡಿ ತಿಂದು ಶಾಲೆಗೆ ಹೋಗಿ. ತಿಂಡಿ ಬಿಟ್ಟು ನಲವತ್ತು ಮಕ್ಕಳ ಮುಂದೆ ನಿಂತರೆ ಪಿತ್ತ ಏರುತ್ತೋ ಇಲ್ವೋ, ಸಿಟ್ಟಂತೂ ಏರುತ್ತೆ.

ನನ್ನದೇ ಕಥೆ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ನಾನು ಕ್ಲಿನಿಕ್ ಬಾಗಿಲು ಹಾಕಿ ಮನೆಗೆ ಹೋಗಿ ಉಣ್ಣುವಾಗ ರಾತ್ರಿ ಹತ್ತೂವರೆ. ಮುದ್ದೆ, ಸಾರು, ಮೇಲೆ ಅನ್ನ ಮಜ್ಜಿಗೆ, ಹನ್ನೊಂದಕ್ಕೆ ಹಾಸಿಗೆ. ಐವತ್ತೆರಡನೇ ವಯಸ್ಸಿನಲ್ಲಿ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) ನೋಡಿಸಿದರೆ ಶೇಕಡಾ 6.2. ಅಂದರೆ ಅಂಚಿಗೆ ಬಂದಿದ್ದೆ, 6.5 ಆದರೆ ಕಾಯಿಲೆ. ಅವತ್ತಿನಿಂದ ಡಬ್ಬಿ ತರಿಸಿಕೊಂಡು ಏಳೂಕಾಲಕ್ಕೆ ಕ್ಲಿನಿಕ್ಕಿನ ಒಳಗಿನ ಕೋಣೆಯಲ್ಲಿ ಊಟ. ಹೊರಗೆ ಕಾಯುವವರು ಹತ್ತು ನಿಮಿಷ ಕಾಯುತ್ತಾರೆ. ವರ್ಷದೊಳಗೆ 5.8ಕ್ಕೆ ಬಂತು. ಅದೇ ವರ್ಷ ಬೆಳಗಿನ ನಡಿಗೆಯನ್ನೂ ಶುರು ಮಾಡಿದ್ದೆ. ಹಾಗಾಗಿ ಪೂರ್ತಿ ಹೆಸರು ಡಬ್ಬಿಗೇ ಕೊಡುವ ಧೈರ್ಯ ನನಗಿಲ್ಲ.

ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ತಿಂದರೆ ಜಠರಾಗ್ನಿ ಉರಿಯುತ್ತಲೇ ಇರುತ್ತೆ, ಕೊಬ್ಬು ಕರಗುತ್ತೆ ಅಂತ ಜಿಮ್ಮಿನಲ್ಲಿ ಹೇಳಿದರು. ನಮ್ಮಜ್ಜಿ ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತಿದ್ದರು. — ಮೈಸೂರು

ನಿಮ್ಮಜ್ಜಿ ಹೇಳುತ್ತಿದ್ದದ್ದು ಏನು ಅಂತ ಗೊತ್ತು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡ್ ಹೋಗಿ. ಅಲ್ವಾ? ಗಾದೆ ಪ್ರಾಸಕ್ಕೆ ಹುಟ್ಟಿದ್ದು, ಪ್ರಯೋಗಶಾಲೆಯಲ್ಲಿ ಅಲ್ಲ. ಆದರೂ ಜಿಮ್ಮಿನವರಿಗಿಂತ ಅಜ್ಜಿ ನಿಜಕ್ಕೆ ಹತ್ತಿರ.

ಉಂಡದ್ದನ್ನು ಅರಗಿಸಲು ಮೈ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತೆ, ಅದು ನಿಜ. ಆದರೆ ಆ ಖರ್ಚು ಉಂಡ ಅಳತೆಗೆ ತಕ್ಕಂತೆ. ಒಂದು ಮುದ್ದೆಯನ್ನು ಒಂದೇ ಸಲ ನುಂಗಿದರೂ, ಆರು ಗುಳಿಗೆ ಮಾಡಿ ಆರು ಸಲ ನುಂಗಿದರೂ ಒಟ್ಟು ಖರ್ಚು ಒಂದೇ.

ಪ್ರಾಗ್ ನಗರದಲ್ಲಿ ಸಕ್ಕರೆ ಕಾಯಿಲೆ ಇದ್ದ 54 ಜನರಿಗೆ ಮೂರು ತಿಂಗಳು ದಿನಕ್ಕೆ ಆರು ಸಣ್ಣ ಊಟ, ಇನ್ನು ಮೂರು ತಿಂಗಳು ಬರೀ ಎರಡು ಊಟ ಕೊಟ್ಟರು. ಎರಡು ಊಟ ಅಂದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ. ಒಟ್ಟು ಅಳತೆ ಎರಡರಲ್ಲೂ ಒಂದೇ. ಎರಡು ಊಟದಲ್ಲಿ ತೂಕ 3.7 ಕೆ.ಜಿ. ಇಳಿಯಿತು, ಆರು ಊಟದಲ್ಲಿ 2.3 ಕೆ.ಜಿ.

ಇನ್ನೊಂದು ಸಂಗತಿ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆ ಗಂಟೆಗೊಮ್ಮೆ ಕರುಳಿನಲ್ಲಿ ಮೇಲಿಂದ ಕೆಳಗೆ ಒಂದು ಅಲೆ ಹೋಗುತ್ತೆ. ಉಳಿದ ಚೂರುಪಾರನ್ನೆಲ್ಲ ಕೆಳಗೆ ಗುಡಿಸುವ ಅಲೆ. ಒಂದು ಊಟಕ್ಕೂ ಇನ್ನೊಂದಕ್ಕೂ ನಡುವೆ ಕೇಳಿಸುವ ಗುಡುಗುಡು ಹೆಚ್ಚಾಗಿ ಅದರದ್ದೇ. ನಾವು ಅದನ್ನು ಹಸಿವು ಅಂದುಕೊಂಡು ಎರಡು ಬಿಸ್ಕತ್ತು ಹಾಕುತ್ತೇವೆ. ಹಾಕಿದ ಕೂಡಲೇ ಗುಡಿಸುವವಳು ಪೊರಕೆ ಬಿಟ್ಟು ಹೊರಡುತ್ತಾಳೆ.

ಯಾರಿಗೆ ಪದೇ ಪದೇ ಸ್ವಲ್ಪ ಸ್ವಲ್ಪ ಬೇಕು? ವಾಂತಿ ಜಾಸ್ತಿ ಇರುವ ಬಸುರಿಯರಿಗೆ, ಜಠರದ ಆಪರೇಷನ್ ಆದವರಿಗೆ, ಒಂದೇ ಸಲ ತಿನ್ನಲಾಗದ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ. ಜಿಮ್ಮಿಗೆ ಹೋಗುವ ಗಟ್ಟಿ ಆಳಿಗೆ ಅದೆಲ್ಲ ಯಾಕೆ?

ನನ್ನ ಹತ್ತಿರ ಬಂದವರಿಗೆ ನಾನು ಕೊಡುವ ಮೊದಲ ಔಷಧಿ ಒಂದು ಹಳೇ ನೋಟ್‌ಬುಕ್. ನೀರು ಬಿಟ್ಟು ಬಾಯಿಗೆ ಹೋದದ್ದೆಲ್ಲ ಹೊತ್ತಿನ ಸಮೇತ ಒಂದು ವಾರ ಬರೀಬೇಕು. 'ಮೂರೇ ಹೊತ್ತು ಡಾಕ್ಟ್ರೇ' ಅಂದವರ ಪುಸ್ತಕದಲ್ಲಿ ಹತ್ತು ಹನ್ನೊಂದು ಸಾಲು ಇರುತ್ತೆ. ಆರಕ್ಕೆ ಕಾಫಿ, ಹನ್ನೊಂದಕ್ಕೆ ಆಫೀಸಿನ ಚಹಾ, ಮಗ ಬಿಟ್ಟ ಅರ್ಧ ಚಪಾತಿ, ನಾಲ್ಕಕ್ಕೆ ಬೋಂಡಾ, ಹತ್ತೂವರೆಗೆ ಹಾಲು ಬಾಳೆಹಣ್ಣು. ಒಡಿಶಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧನೆ ಮಾಡುವ ಸಚ್ಚಿದಾನಂದ ಪಾಂಡ ಅವರೂ ಇದನ್ನೇ ಮೊಬೈಲ್ ಫೋಟೋಗಳಿಂದ ಮಾಡಿಸಿದರು. 2015ರಲ್ಲಿ ಬಂದ ಲೆಕ್ಕದ ಪ್ರಕಾರ ಅಮೆರಿಕದ ಆ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಾಯಿ ದಿನದಲ್ಲಿ ಹದಿನೈದು ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತು ಆಡುತ್ತಲೇ ಇತ್ತು.

ನನಗೆ 61. ಹನ್ನೆರಡು ವರ್ಷದಿಂದ ಶುಗರ್. ಬೆಳಿಗ್ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ತಿಂಗಳಿಗೆರಡು ಏಕಾದಶಿ ಬಿಟ್ಟವಳಲ್ಲ. ಹೋದ ಏಕಾದಶಿಯಂದು ಹನ್ನೊಂದರ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂತು. ದೇವರ ಮುಂದೆಯೇ ಕುಸಿದೆ. ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. — ಹಾಸನ

ಅಮ್ಮಾ, ಮಾತ್ರೆ ತಪ್ಪಿಸದೆ ಇದ್ದದ್ದೇ ಎಡವಟ್ಟು. ಇದನ್ನು ಶುಗರ್ ಇರುವವರೆಲ್ಲ ಓದಿ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಊಟ ಬರಲಿ ಬಿಡಲಿ ಇನ್ಸುಲಿನ್ ಹಿಂಡುತ್ತವೆ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕೆಳಗೆ ಬೀಳುವ ಅಪಾಯ ಬಹಳ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಇನ್ನು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಹೊಸ ಮಾತ್ರೆಗಳಿವೆ. ಅವು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತವೆ, ಜೊತೆಗೆ ನೀರನ್ನೂ. ಅವನ್ನು ನುಂಗಿ ನಿರ್ಜಲ ಉಪವಾಸ ಮಾಡಿದರೆ ಮೈ ಒಣಗುತ್ತೆ, ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್ ಆಗಬಹುದು. ಅದು ಆಸ್ಪತ್ರೆ ಸೇರುವ ಕಾಯಿಲೆ.

ಮುಂದಿನ ಏಕಾದಶಿಗೆ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಹೋಗಿ 'ನಾನು ಉಪವಾಸ ಬಿಡಲ್ಲ, ಮಾತ್ರೆ ಹೊಂದಿಸಿಕೊಡಿ' ಅಂತಲೇ ಕೇಳಿ. ಮುಚ್ಚಿಡಬೇಡಿ. ರಂಜಾನ್ ತಿಂಗಳಿಗೆ ಮುಂಚೆ ನನ್ನ ಮುಸ್ಲಿಂ ಪೇಷಂಟುಗಳು ಬಂದು ಹೀಗೆಯೇ ಮಾತ್ರೆಯ ಹೊತ್ತು, ಅಳತೆ ಬದಲಿಸಿಕೊಂಡು ಹೋಗುತ್ತಾರೆ. ಏಕಾದಶಿಯವರು ಮಾತ್ರ ಬಿದ್ದ ಮೇಲೆ ಬರುತ್ತಾರೆ. ಯಾಕೋ ಗೊತ್ತಿಲ್ಲ.

ಮತ್ತೆ ಹಾಗೆ ಬೆವರು, ನಡುಕ ಬಂದರೆ ಪಾರಣೆಗೆ ಕಾಯಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಮನೆಯಲ್ಲಿ ಶುಗರ್ ನೋಡುವ ಮಿಷನ್ ಇದ್ದರೆ ನೋಡಿ, 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಮೂರು ಚಮಚ. ಏರಿದ ಮೇಲೆ ಏನಾದರೂ ತಿನ್ನಲೇಬೇಕು. ಮನೆಯವರಿಗೊಂದು ಮಾತು: ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ಇನ್ನು ಫಲಾಹಾರದ ಏಕಾದಶಿ ಮಾಡುವವರ ಕಥೆಯೇ ಬೇರೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಸಬ್ಬಕ್ಕಿ, ಸಂಜೆ ಬಾಳೆಹಣ್ಣಿನ ರಸಾಯನ, ರಾತ್ರಿ ಮತ್ತೆ ಉಪ್ಪಿಟ್ಟು. ಅವರಿಗೆ ಶುಗರ್ ಬೀಳಲ್ಲ, 300 ದಾಟುತ್ತೆ.

ಹೊಟ್ಟೆ ಖಾಲಿ ಬಿಟ್ಟರೆ ಅಲ್ಸರ್ ಆಗುತ್ತಾ? ಹಾಸ್ಟೆಲಿನಲ್ಲಿ ದಿನಾ ತಿಂಡಿ ತಪ್ಪುತ್ತೆ. — ಕಲಬುರಗಿ

ಇಲ್ಲ ತಮ್ಮಾ. ಅಲ್ಸರ್‌ಗೆ ಹೆಚ್ಚಾಗಿ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ, ಇಲ್ಲವೇ ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ. ಬ್ಯಾಕ್ಟೀರಿಯಾ ಅಂತ ಹೇಳಿದಾಗ ಯಾರೂ ನಂಬದೆ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರು 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಆಗಲೇ ಇರುವ ಹುಣ್ಣು ಖಾಲಿ ಹೊಟ್ಟೆಯಲ್ಲಿ ಜಾಸ್ತಿ ನೋಯಬಹುದು. ಅದಕ್ಕೇ ನಮ್ಮ ಜನ ಉಲ್ಟಾ ಲೆಕ್ಕ ಹಾಕಿದ್ದಾರೆ. ಹೊಟ್ಟೆನೋವು ಎರಡು ವಾರ ಬಿಡದಿದ್ದರೆ, ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ ಡಾಕ್ಟರಿಗೆ ತೋರಿಸು. ತಿಂಡಿ ತಪ್ಪಿಸಿ ಹನ್ನೊಂದಕ್ಕೆ ಗೇಟಿನ ಹತ್ತಿರ ಪಫ್ಸು, ಕೂಲ್‌ಡ್ರಿಂಕ್ಸು ಹೊಡೆಯುತ್ತೀಯಲ್ಲ, ಚಿಂತೆ ಮಾಡುವುದಾದರೆ ಅದಕ್ಕೆ ಮಾಡು.

ಪೀಣ್ಯದ ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ನೀವು 'ಎಂಟರೊಳಗೆ ಊಟ' ಅಂತ ಬರೆದಿರಿ. ನಮ್ಮಂಥವರ ನೆನಪೇ ಇಲ್ವಾ ನಿಮಗೆ? — ಬೆಂಗಳೂರು

ತಪ್ಪು ನನ್ನದೇ. ಸಿಟ್ಟಿನ ಪತ್ರಗಳಲ್ಲಿ ನ್ಯಾಯ ಇದ್ದದ್ದು ನಿಮ್ಮದಕ್ಕೆ.

ಎಷ್ಟು ವರ್ಷ ರಾತ್ರಿ ಪಾಳಿ ಮಾಡಿದರೂ ಲಿವರ್, ಇನ್ಸುಲಿನ್ ಸುರಿಸುವ ಮೇದೋಜೀರಕ ಗ್ರಂಥಿ ಇವುಗಳ ಗಡಿಯಾರಗಳು ಪೂರ್ತಿ ಉಲ್ಟಾ ಆಗುವುದಿಲ್ಲ. ವಾರದ ರಜೆಯಲ್ಲಿ ನೀವು ಮನೆಯವರ ಜೊತೆ ಹಗಲಿಗೆ ವಾಪಸ್ ಬರುತ್ತೀರಿ, ಅವಕ್ಕೆ ಮತ್ತೆ ಗಲಿಬಿಲಿ. 2021ರಲ್ಲಿ 19 ಜನರಿಗೆ ಪ್ರಯೋಗಶಾಲೆಯಲ್ಲಿ ನಕಲಿ ರಾತ್ರಿ ಪಾಳಿ ಮಾಡಿಸಿದರು. ರಾತ್ರಿ ಉಂಡವರ ರಕ್ತದ ಸಕ್ಕರೆ ಸರಾಸರಿ 6.4 ಶೇಕಡಾ ಏರಿತು. ಎಚ್ಚರ ರಾತ್ರಿಯೇ ಇದ್ದರೂ ಊಟವನ್ನು ಹಗಲಿಗೇ ಇಟ್ಟವರಲ್ಲಿ ಏರಲಿಲ್ಲ.

ನಿಮ್ಮ ದಿನಕ್ಕೆ ಹೊಂದಿಸಿ ನೋಡೋಣ. ಮನೆ ಬಿಡುವ ಮುಂಚೆ, ಎಂಟೂವರೆ ಒಂಬತ್ತಕ್ಕೆ, ಸರಿಯಾದ ಊಟ. ಮುದ್ದೆಯೋ ಚಪಾತಿಯೋ, ಜೊತೆಗೆ ಕಾಳಿನ ಸಾರು. ಹನ್ನೆರಡರಿಂದ ನಾಲ್ಕರವರೆಗೆ ಆದಷ್ಟು ಬಾಯಿಗೆ ಬೀಗ. ತಡೆಯಲಾಗದಿದ್ದರೆ ಮಜ್ಜಿಗೆ, ಒಂದು ಹಿಡಿ ಬೇಯಿಸಿದ ಕಡ್ಲೆಕಾಯಿ. ಚಿತ್ರಾನ್ನದ ಡಬ್ಬಿ ಬೇಡ. ಚಹಾ ರಾತ್ರಿ ಎರಡರೊಳಗೆ ನಿಲ್ಲಲಿ, ಇಲ್ಲದಿದ್ದರೆ ಬೆಳಿಗ್ಗೆ ನಿದ್ದೆ ಬರಲ್ಲ. ಆರೂವರೆಗೆ ಮನೆಗೆ ಬಂದು ಎರಡು ಇಡ್ಲಿಯಷ್ಟು ತಿಂದು ಮಲಗಿ. ಹಸಿದು ಮಲಗಿದರೆ ಹತ್ತಕ್ಕೇ ಎಚ್ಚರವಾಗುತ್ತೆ. ಎದ್ದ ಮೇಲೆ, ಮಧ್ಯಾಹ್ನ ಎರಡಕ್ಕೆ, ದಿನದ ದೊಡ್ಡ ಊಟ.

ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ಬೆಳಗಿನ ಜಾವ ಮೂರಕ್ಕೆ ಗೇಟಿಗೆ ಸೈಕಲ್ಲಿನಲ್ಲಿ ಚಹಾದವನು ಬರುತ್ತಾನೆ, ಅವನ ಬನ್ನು ಬಿಸಿ ಇರುತ್ತೆ, ನಿದ್ದೆ ಬಾರದಿರಲು ಅದೇ ಆಸರೆ ಅಂತ. ವಾರಕ್ಕೆ ಆರು ದಿನ ಬನ್ನು ತಿನ್ನುತ್ತಿದ್ದರೆ ಒಂದಕ್ಕೆ ಇಳಿಸಿ. ಉಳಿದ ದಿನ ಅವನ ಜೊತೆ ಹತ್ತು ನಿಮಿಷ ಮಾತಾಡಿ, ಗೇಟಿನ ಸುತ್ತ ಎರಡು ಸುತ್ತು ಹಾಕಿ. ನಿದ್ದೆ ಓಡಿಸುವುದು ಬನ್ನಲ್ಲ.

ಮಗಳಿಗೆ ಎಂಟು ವರ್ಷ. ಬೆಳಿಗ್ಗೆ ಏಳೂಕಾಲಿಗೆ ಸ್ಕೂಲ್ ಬಸ್ಸು. ಏನು ಕೊಟ್ಟರೂ ತಿನ್ನಲ್ಲ, ತುರುಕಿದರೆ ವಾಂತಿ. — ಉಡುಪಿ

ತುರುಕಬೇಡಿ. ಎದ್ದ ಅರ್ಧ ಗಂಟೆಗೆ ಎಷ್ಟೋ ಮಕ್ಕಳಿಗೆ ಹಸಿವೇ ಇರಲ್ಲ. ಒಂದು ಲೋಟ ಹಾಲೋ, ಒಂದು ಬಾಳೆಹಣ್ಣೋ ಸಾಕು. ನಿಜವಾದ ತಿಂಡಿಯನ್ನು ಡಬ್ಬಿಗೆ ಹಾಕಿ, ಹತ್ತರ ಬಿಡುವಿನಲ್ಲಿ ತಿನ್ನಲಿ. ನಿಮ್ಮ ಕಡೆ ಹಳ್ಳಿಯಲ್ಲಿ ಗಂಜಿ ಉಣ್ಣುತ್ತಿದ್ದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಜೊತೆಗೆ ರಾತ್ರಿ ಅವಳು ಎಷ್ಟೊತ್ತಿಗೆ ಉಣ್ಣುತ್ತಾಳೆ ನೋಡಿ. ಒಂಬತ್ತೂವರೆಗೆ ಉಂಡ ಮಗುವಿಗೆ ಬೆಳಿಗ್ಗೆ ಏಳಕ್ಕೆ ಹಸಿವು ಎಲ್ಲಿಂದ ಬರಬೇಕು?

ಎಂಟರೊಳಗೆ ಊಟ ಅಂತೀರಿ. ಎಂಟಕ್ಕೆ ನಮ್ಮತ್ತೆಯ ಧಾರಾವಾಹಿ ಶುರು, ಒಂಬತ್ತೂವರೆಗೆ ಮೂರನೆಯದು ಮುಗಿಯುತ್ತೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ತಟ್ಟೆ ಇಡುವ ಹಾಗಿಲ್ಲ. ಇದಕ್ಕೆ ಔಷಧಿ ಇದೆಯಾ? — ತುಮಕೂರು

ಏಳೂವರೆಗೆ ತಟ್ಟೆ ಇಡಿ. ನಮ್ಮ ಮನೆಯಲ್ಲಿ ಹಾಗೇ ಶುರುವಾದದ್ದು. ಮೊದಲ ವಾರ ನಮ್ಮತ್ತೆ ಮಾತಾಡಲಿಲ್ಲ. ಎರಡನೇ ವಾರ, ಊಟ ಮುಗಿಸಿ ಕೂತರೆ ಧಾರಾವಾಹಿ ಮಧ್ಯೆ ಏಳೋ ಹಾಗಿಲ್ಲ, ಒಳ್ಳೇದಾಯ್ತು ಅಂದರು.